ಓನರ್ ಮೇಲೆ ಬರುವವರೆಗೆ

ಓಣಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗದಲ್ಲಿ ಅವಳ ಮೇಜು. ಮೇಜಿನ ಹಿಂದೆ ಒಂದು ಬಾಗಿಲು, ಬಾಗಿಲ ಹಿಂದೆ ಒಂದೇ ಕೋಣೆಯ ಮನೆ. ಗಂಡ ತೀರಿಕೊಂಡಾಗ ಉಳಿದದ್ದು ಭಾರದ ಇಸ್ತ್ರಿ ಪೆಟ್ಟಿಗೆಯೊಂದೇ. ಅದನ್ನೇ ಹಿಡಿದು ನಿಂತವಳು ಮತ್ತೆ ಕೂತದ್ದು ಕಡಿಮೆ. ಓಣಿಯವರೆಲ್ಲ ಗರಿಗರಿಯಾಗಿ ಓಡಾಡುತ್ತಿದ್ದುದು ಅವಳ ಕೈಯಿಂದ. ಅವಳು ಮಾತ್ರ ಉಡುತ್ತಿದ್ದುದು ಇಸ್ತ್ರಿಯೇ ಬೇಡದ ಪಾಲಿಯೆಸ್ಟರ್ ಬಟ್ಟೆ.

"ಅಕ್ಕಾ, ನಿಮ್ಮ ಅಂಗಡಿ ಮೇಲೆ ನಿಮಗೇ ನಂಬಿಕೆ ಇಲ್ವಾ?" ಎಂದು ಮೇಲಿನ ಮನೆಯ ಟೈಲರ್ ಕೆಣಕುತ್ತಿದ್ದ.

"ಇದೆ ಕಣಪ್ಪ. ಅದಕ್ಕೇ ಇನ್ನೊಂದು ಜೊತೆ ಬಟ್ಟೆಯ ಕೆಲಸ ತಲೆಗೆ ಕಟ್ಟಿಕೊಳ್ಳಲ್ಲ" ಎನ್ನುತ್ತಿದ್ದಳು ಅವಳು.

ತೇವದ ವಿಷಯ ಬಂದರೆ ಮಾತ್ರ ತಮಾಷೆಯಿಲ್ಲ. ಒಣಗಿ ಕಡ್ಡಿಯಾದ ಹತ್ತಿ ಬಟ್ಟೆಗೆ ಎಷ್ಟು ಬಿಸಿ ತಾಗಿಸಿದರೂ ಸುಕ್ಕು ಬಿಡುವುದಿಲ್ಲ. ನೀರು ಹೆಚ್ಚಾದರೆ ಕಲೆ ಹಿಡಿಯುತ್ತದೆ. ಅವಳು ಬಲಗೈಯ ಬೆರಳುಗಳನ್ನು ಬಟ್ಟಲಿಗೆ ಅದ್ದಿ, ಬಟ್ಟೆಯ ಮೇಲೆ ಒಮ್ಮೆ ಝಾಡಿಸುತ್ತಿದ್ದಳು. ಹನಿಗಳು ಸಾಸಿವೆ ಕಾಳಿನಂತೆ ಚೆಲ್ಲಿ ಬೀಳುತ್ತಿದ್ದವು. ಆಮೇಲೆ ಬಟ್ಟೆಯನ್ನು ಬಿಗಿಯಾಗಿ ಸುರುಳಿ ಸುತ್ತಿ ಬುಟ್ಟಿಯಲ್ಲಿಟ್ಟು ಬೇರೆ ಕೆಲಸಕ್ಕೆ ತಿರುಗುತ್ತಿದ್ದಳು. ಸುರುಳಿಯೊಳಗೆ ಒದ್ದೆ ಎಳೆ ಪಕ್ಕದ ಒಣ ಎಳೆಗೆ ಒಂದಿಷ್ಟು ಕೊಟ್ಟು, ಅದು ಅದರ ಪಕ್ಕದ್ದಕ್ಕೆ ಕೊಟ್ಟು, ಬಿಚ್ಚುವ ಹೊತ್ತಿಗೆ ಇಡೀ ಬಟ್ಟೆ ಒಂದೇ ಹದಕ್ಕೆ ಬಂದಿರುತ್ತಿತ್ತು. ಹದ ನೋಡುವುದು ಕೈಯಿಂದ ಅಲ್ಲ, ಕೆನ್ನೆಯಿಂದ. ಕೈ ಸುಟ್ಟೂ ಸುಟ್ಟೂ ಜಡ್ಡುಗಟ್ಟಿದೆ, ಅದು ಸುಳ್ಳು ಹೇಳುತ್ತದೆ ಎನ್ನುತ್ತಿದ್ದಳು.

"ನೀರು ಹಂಚಿಕೊಳ್ಳುತ್ತೆ ಕಣೇ, ಸ್ವಲ್ಪ ಕಾಯಬೇಕು ಅಷ್ಟೆ" ಎಂದು ಅವಳು ಹೇಳಿಕೊಟ್ಟದ್ದು ತಮ್ಮನ ಮಗಳಿಗೆ. ಆ ಹುಡುಗಿ ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡಿದ್ದಳು. ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ್ದು ಈ ಅತ್ತೆಯೇ, ಈ ಮೇಜಿನ ಕೆಳಗೇ. ಈಗ ಅವಳು ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು.

ತಮ್ಮ ಏಸಿ, ಫ್ರಿಜ್ ರಿಪೇರಿ ಮಾಡುವವನು. ಇದೇ ಓಣಿಯ ಕೊನೆಯಲ್ಲಿ ಬಾಡಿಗೆ ಕೋಣೆಯಲ್ಲಿದ್ದ. ಕಚೇರಿಗಳ ಗಾಳಿಯನ್ನು ತಣ್ಣಗೆ ಮಾಡಿ, ಒಣಗಿಸಿ ಕೊಡುವುದು ಹಗಲಿನ ಕೆಲಸ. ಸಂಜೆ ಮನೆಗೆ ಬಂದರೆ ಅದರ ತಿರುವುಮುರುವು: ಗಾಜಿನ ತೊಟ್ಟಿಯೊಂದರೊಳಗೆ ಗಾಳಿ ಒಣಗದಂತೆ ಕಾಯುವುದು. ತೊಟ್ಟಿಯೊಳಗೆ ಶಂಖವನ್ನೇ ಮನೆ ಮಾಡಿಕೊಂಡ ಎರಡು ಏಡಿಗಳು. ಊರು ಬಿಟ್ಟು ಹೋಗುವ ಗಿರಾಕಿಯೊಬ್ಬರು "ನೀನು ಸಾಕ್ತೀಯೇನಪ್ಪ" ಎಂದು ಕೇಳಿದಾಗ ಇವನು ಇಲ್ಲವೆನ್ನಲಾರದೆ ಹೊತ್ತು ತಂದಿದ್ದ. ಯಾರೋ ಅದನ್ನು ಸನ್ಯಾಸಿ ಏಡಿ ಎನ್ನುತ್ತಾರೆಂದು ಹೇಳಿದರಂತೆ.

"ಚೆನ್ನಾಗಿದೆ ನಿನ್ನ ಸನ್ಯಾಸಿ! ಕುಡಿಯೋಕೆ ಸಿಹಿನೀರು ಬೇರೆ, ಮೀಯೋಕೆ ಉಪ್ಪುನೀರು ಬೇರೆ. ನಿನ್ನ ಕೋಣೇಲಿ ನಿನಗೇ ಒಂದು ನಲ್ಲಿ ಸರಿಯಾಗಿಲ್ಲ" ಎಂದು ಅಕ್ಕ ಬೈದಳು.

"ಅದಕ್ಕೇ ಅಕ್ಕ ಅವನಿಗೆ ಓನರ್ ಅಂತ ಹೆಸರಿಟ್ಟಿರೋದು. ಜನ್ಮದಲ್ಲಿ ಮೊದಲನೇ ಸಲ ಮನೆ ಓನರ್ ನನ್ನ ಮನೇಲಿ ಇದಾನೆ."

ದೊಡ್ಡವನು ಓನರ್. ಇಕ್ಕಳದಂಥ ಕಡುನೇರಳೆ ಬಣ್ಣದ ದಪ್ಪ ಕೊಂಬು, ಮೇಲೆ ಹಾಲುಬಿಳಿಯ ಶಂಖ. ಒಮ್ಮೆ ತಮ್ಮನ ಕೈಜಾರಿ ಬಿದ್ದು ಶಂಖದ ತುಟಿಯಲ್ಲಿ ಸಣ್ಣ ಚೂರು ಹಾರಿಹೋಗಿತ್ತು. ಒಂದು ಸುತ್ತು ಚಿಕ್ಕವನು ಬಾಡಿಗೆಯವನು. ಕೆಂಚು ಬಣ್ಣ, ಮೀಸೆಗಳಲ್ಲೊಂದು ಮೊಂಡು. ತಮ್ಮ ಅವನಿಗೆಂದು ಖಾಲಿ ಶಂಖಗಳನ್ನು ತಂದು ತಂದು ಮೂಲೆಯಲ್ಲಿಟ್ಟರೂ ಅವನಿಗೆ ಒಂದೂ ಹಿಡಿಸಲಿಲ್ಲ. ಓನರನ ಬೆನ್ನಿಗೆ ಬಿದ್ದು, ಆ ಬಿಳಿ ಶಂಖವನ್ನು ಕೊಂಬಿನಿಂದ ತಟ್ಟಿ ತಟ್ಟಿ ನೋಡುತ್ತಿದ್ದ.

"ನೋಡಕ್ಕ, ಮನೆ ಯಾವಾಗ ಖಾಲಿ ಮಾಡ್ತೀರಿ ಅಂತ ಕೇಳ್ತಿದಾನೆ. ಬಾಡಿಗೆಯವನೇ ಓನರನ್ನ ಕೇಳೋ ಮನೆ ಇದೊಂದೇ" ಎಂದು ತಮ್ಮ ನಗುತ್ತಿದ್ದ.

ಅವನು ಹೇಳಿದ್ದೆಲ್ಲ ಅವಳು ಒಂದು ಕಿವಿಯಲ್ಲಿ ಕೇಳಿಸಿಕೊಂಡದ್ದು. ಏಡಿ ನೆಲದ ಮೇಲಿದ್ದರೂ ಉಸಿರಾಡುವುದು ಕಿವಿರಿನಿಂದ. ಗಾಳಿ ಒಣಗಿದರೆ ಕಿವಿರು ಒಣಗಿ, ಒಂದೊಂದೇ ದಿನ ಉಸಿರುಕಟ್ಟುತ್ತ ಸಾಯುತ್ತದೆ. ಅದಕ್ಕೇ ಮೇಲೆ ಗಾಜಿನ ಮುಚ್ಚಳ, ಒಳಗೆ ತೇವ ತೋರಿಸುವ ದುಂಡು ಮೀಟರು, ಮುಳ್ಳು ಎಂಬತ್ತರ ಆಸುಪಾಸಿನಲ್ಲಿರಬೇಕು. ಕೆಳಗೆ ಮೊಣಕೈವರೆಗೆ ಮುಳುಗುವಷ್ಟು ಮರಳು ಮತ್ತು ತೆಂಗಿನ ನಾರಿನ ಪುಡಿ. ಹಾವಿನ ಹಾಗೆ ಏಡಿಯೂ ಪೊರೆ ಬಿಡುತ್ತದೆ. ಆಗ ಅದು ಮರಳಿನಾಳಕ್ಕೆ ಇಳಿದು, ತಿಂಗಳುಗಟ್ಟಲೆ ಅಲ್ಲೇ ಇದ್ದು, ಹಳೆಯ ಮೈ ಕಳಚಿ, ಹೊಸ ಮೈ ಗಟ್ಟಿಯಾದ ಮೇಲೆಯೇ ಬರುತ್ತದೆ.

"ಆಗ ಕೆದಕಬಾರದು ಅಕ್ಕ. ಹಸಿ ಬಾಣಂತಿ ಇದ್ದ ಹಾಗೆ, ಮೈಯೆಲ್ಲ ಮೆತ್ತಗೆ. ಮುಟ್ಟಿದ್ರೆ ಹೋದ" ಎಂದಿದ್ದ.

ಹಾಗೆಂದ ವಾರದಲ್ಲೇ ಓನರ್ ತೊಟ್ಟಿಯ ಎಡಗಡೆಯಲ್ಲಿದ್ದ ಮರದ ತುಂಡಿನ ಕೆಳಗೆ ಮರಳಿಗೆ ಇಳಿದುಹೋದ. ಅದೇ ವಾರ ಒಂದು ಬೆಳಿಗ್ಗೆ ತಮ್ಮ ಒಂದು ಅಂಗಿ ತಂದು ಮೇಜಿನ ಮೇಲಿಟ್ಟ. ನೀಲಿ ಗೆರೆಯ ತೆಳು ಹತ್ತಿ ಅಂಗಿ. ಮಗಳೇ ಆರಿಸಿ ಕೊಡಿಸಿದ್ದು. ಅವಳ ಕಾಲೇಜಿನಲ್ಲಿ ಹುಡುಗಿಯರು ದೀಪ ಹಿಡಿದು ಪ್ರತಿಜ್ಞೆ ಮಾಡುವ ಸಮಾರಂಭವಿತ್ತು. ಅದಕ್ಕೆ ಹಾಕಿಕೊಂಡು ಹೋಗಬೇಕು.

"ಕಾಲರ್ ಚೆನ್ನಾಗಿ ನಿಲ್ಲಬೇಕು ಅಕ್ಕ. ಅಲ್ಲಿ ಎಲ್ಲಾ ದೊಡ್ಡ ದೊಡ್ಡವರು ಬರ್ತಾರೆ."

"ನೀನು ಕತ್ತು ನೆಟ್ಟಗಿಟ್ಟುಕೋ, ಕಾಲರ್ ತಾನಾಗೇ ನಿಲ್ಲುತ್ತೆ. ಹೋಗು, ಸಂಜೆ ಬಾ."

ಅವಳು ನೀರು ಚಿಮುಕಿಸಿ, ಸುರುಳಿ ಸುತ್ತಿ, ಬುಟ್ಟಿಯಲ್ಲಿಟ್ಟಳು. ಸಂಜೆ ಅವನು ಬರಲಿಲ್ಲ. ಯಾವುದೋ ಕಚೇರಿಯ ತಾರಸಿಯ ಮೆಟ್ಟಿಲಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲೇ ಇಲ್ಲ ಎಂಬ ಸುದ್ದಿ ಬಂತು.

ಆ ದಿನಗಳ ಬಗ್ಗೆ ಅವಳು ಯಾರೊಂದಿಗೂ ಹೆಚ್ಚು ಆಡಿದವಳಲ್ಲ. ದೇವರು ಕೊಟ್ಟಿದ್ದನ್ನು ದೇವರು ತಗೊಂಡ ಎಂದು ಜನ ಹೇಳಿದರು, ಅವಳು ತಲೆಯಾಡಿಸಿದಳು. ಬಾಡಿಗೆ ಕೋಣೆ ಖಾಲಿ ಮಾಡುವಾಗ ತಮ್ಮನ ಮಂಚ, ಉಪಕರಣದ ಪೆಟ್ಟಿಗೆ ಎಲ್ಲ ಒಬ್ಬೊಬ್ಬರಿಗೆ ಹೋದವು. ಗಾಜಿನ ತೊಟ್ಟಿ ಮಾತ್ರ ಅವಳ ಕೋಣೆಗೆ ಬಂತು. ಟೈಲರ್ ಮತ್ತು ಇನ್ನಿಬ್ಬರು ಅದನ್ನು ಅಲುಗಾಡದಂತೆ ಹೊತ್ತರು. ಹುಡುಗಿ ಪಕ್ಕದಲ್ಲೇ ನಡೆಯುತ್ತ, "ಓನರ್ ಒಳಗಿದಾನೆ, ನಿಧಾನ, ನಿಧಾನ" ಎನ್ನುತ್ತಿದ್ದಳು. ಅಪ್ಪನನ್ನು ಹೊತ್ತೊಯ್ಯುವಾಗ ಆಡದ ಮಾತೆಲ್ಲ ಅವಳು ಆಗ ಆಡಿದಂತಿತ್ತು.

ಹಾಸ್ಟೆಲಿಗೆ ಹೊರಡುವಾಗ ಅವಳು ಅತ್ತೆಯ ಕೈ ಹಿಡಿದು ಹೇಳಿದ್ದು ಎರಡೇ ಮಾತು. "ಓನರ್ ಮೇಲೆ ಬರೋವರೆಗೂ ನೋಡಿಕೋ ಅತ್ತೆ. ಮತ್ತೆ ಅಪ್ಪನ ಆ ಗೆರೆ ಅಂಗಿ ಇಟ್ಟಿರು, ರಜಕ್ಕೆ ಬಂದಾಗ ತಗೊಂಡು ಹೋಗ್ತೀನಿ. ಮಿಕ್ಕಿದ್ದೆಲ್ಲ ಕೆಲಸದ ಅಂಗಿ, ಕಂಪನಿ ಹೆಸರು ಇರೋದು. ಅದೊಂದೇ ಅಪ್ಪಂದು."

"ಇಟ್ಟಿರ್ತೀನಿ ಪುಟ್ಟಿ. ಎರಡೂ ಇಟ್ಟಿರ್ತೀನಿ" ಎಂದಳು ಅತ್ತೆ.

ಅಂದಿನಿಂದ ಬೆಳಿಗ್ಗೆ ಎದ್ದು ಮುಖ ತೊಳೆದು, ಕಣ್ಮುಚ್ಚಿ ಒಂದು ಗಳಿಗೆ ನಿಂತು ಪ್ರಾರ್ಥಿಸಿ, ಅವಳು ಮೊದಲು ಹೋಗುತ್ತಿದ್ದುದು ತೊಟ್ಟಿಯ ಬಳಿಗೆ. ಹಿಂದಿನ ದಿನವೇ ತುಂಬಿಟ್ಟ ನೀರನ್ನು ಎರಡು ಬಟ್ಟಲಿಗೂ ಹಾಕುವಳು, ಒಂದಕ್ಕೆ ಕಡಲುಪ್ಪು ಕದಡುವಳು. ಒಂದು ಚೂರು ಹಣ್ಣು, ಮೊಟ್ಟೆ ಸಿಪ್ಪೆಯ ಪುಡಿ. ಮೀಟರಿನ ಮುಳ್ಳು ಎಲ್ಲಿದ್ದರೆ ಸರಿ ಎಂಬುದು ಅವಳಿಗೆ ನೆನಪಿತ್ತು, ಆದರೆ ಆ ಮುಳ್ಳಿನ ಮೇಲೆ ನಂಬಿಕೆಯಿರಲಿಲ್ಲ. ಬಾಗಿ, ಮರಳಿಗೆ ಕೆನ್ನೆ ತಾಗಿಸುತ್ತಿದ್ದಳು. ತೊಟ್ಟಿಯನ್ನು ಬೆಚ್ಚಗಿಡುವ ದೀಪದ ಕೆಳಗಿನ ಮರಳು ಮೇಲ್ಗಡೆ ಬೇಗ ಆರುತ್ತದೆ. ಒಣಗಿದೆ ಎಂದು ಕೆನ್ನೆ ಹೇಳುತ್ತಿತ್ತು. ಕೈ ತಾನಾಗಿಯೇ ಬಟ್ಟಲಿಗೆ ಹೋಗಿ ಅದ್ದಿ, ಒಮ್ಮೆ ಝಾಡಿಸುತ್ತಿತ್ತು. ಹೆಚ್ಚಿಲ್ಲ, ಸಾಸಿವೆ ಕಾಳಿನಷ್ಟು. ಒಂದು ಅಂಗಿಗೆ ಹಾಕುವಷ್ಟೇ. ಮುಚ್ಚಳ ಮುಚ್ಚಿ, "ಹಂಚಿಕೊಳ್ಳಿ" ಎಂದು ಹೇಳಿ ಮೇಜಿಗೆ ಹೋಗುತ್ತಿದ್ದಳು. ಮಧ್ಯಾಹ್ನ ಬಂದು ನೋಡಿದರೆ ಮತ್ತೆ ಮೇಲ್ಗಡೆ ಆರಿರುತ್ತಿತ್ತು. ಮತ್ತೆ ಒಮ್ಮೆ.

ಇದರಲ್ಲಿ ಅವಳಿಗೊಂದು ಸಮಾಧಾನವಿತ್ತು. ತಮ್ಮ ಬದುಕಿದ್ದಾಗ ಅವನ ಕಸುಬು ಅವಳಿಗೆ ತಿಳಿಯುತ್ತಿರಲಿಲ್ಲ. ಈಗ ಅವನ ತೊಟ್ಟಿಗೆ ತನ್ನ ಕಸುಬೇ ಸಾಕಾಗುತ್ತಿದೆ ಅನಿಸಿತು. ಗಾಜಿನ ಮೇಲೆ ಹಬೆ ಕೂರುತ್ತಿತ್ತು. ಬಾಡಿಗೆಯವನು ಲವಲವಿಕೆಯಿಂದ ಓಡಾಡುತ್ತಿದ್ದ. ಮರದ ತುಂಡಿನ ಕಡೆಗೆ ನೋಡಿ ಅವಳು, "ಆಯ್ತಾ ಸ್ವಾಮಿ ನಿಮ್ಮ ಬಾಣಂತನ?" ಎಂದು ಕೇಳುತ್ತಿದ್ದಳು.  ತಮ್ಮ ಹೋಗುವ ಮೊದಲೇ ಒಳಗಿಳಿದ ಜೀವ ಅದು. ಅವನಿಲ್ಲ ಎಂಬ ಸುದ್ದಿ ಈ ಮನೆಯಲ್ಲಿ ತಿಳಿಯದೆ ಉಳಿದಿರುವುದು ಅದಕ್ಕೊಂದಕ್ಕೇ. ಅದು ಮೇಲೆ ಬರುವವರೆಗೆ ಅವನ ಸಾವಿನ ಒಂದು ಮೂಲೆ ಇನ್ನೂ ಆಗಿಲ್ಲ ಎಂದು ಅವಳಿಗೆ ಅನಿಸುತ್ತಿತ್ತು. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆಂದು ಹೇಳಲಿಲ್ಲ.

ಹುಡುಗಿ ಫೋನು ಮಾಡಿದಾಗಲೆಲ್ಲ ಮೊದಲ ಪ್ರಶ್ನೆ ಒಂದೇ. "ಬಂದ್ನಾ ಅತ್ತೆ?"

"ಇಲ್ಲ ಕಣೇ. ದೊಡ್ಡ ಮನುಷ್ಯರು, ಅವಸರ ಮಾಡಲ್ಲ."

ಒಂದು ದಿನ ಕೋಣೆಯಲ್ಲಿ ಏನೋ ಮುಗ್ಗಲು ವಾಸನೆ ಬಂತು. ಅವಳಿಗೆ ಅದು ಚೆನ್ನಾಗಿ ಗೊತ್ತಿರುವ ವಾಸನೆ: ಒದ್ದೆ ಬಟ್ಟೆ ಸುರುಳಿಯಲ್ಲೇ ಮರೆತುಹೋದರೆ ಬರುವುದು. ಬುಟ್ಟಿಗಳನ್ನು ಒಂದೊಂದಾಗಿ ಬಗ್ಗಿಸಿದಳು. ಕೊನೆಯ ಬುಟ್ಟಿಯ ತಳದಲ್ಲಿ, ಹಳೆಯ ದುಪ್ಪಟಿಯ ಕೆಳಗೆ, ನೀಲಿ ಗೆರೆಯ ಸುರುಳಿ ಸಿಕ್ಕಿತು. ತಮ್ಮನ ಸುದ್ದಿ ಬಂದ ಆ ಸಂಜೆ ಯಾರೋ ಬುಟ್ಟಿಯನ್ನು ಒಳಗೆ ತಳ್ಳಿದ್ದರು. ಅಂಗಿಯನ್ನು ಜೋಪಾನವಾಗಿ ಇಟ್ಟಿದ್ದೇನೆ ಎಂದು ಅವಳು ತಿಳಿದಿದ್ದಳೇ ಹೊರತು, ತಾನು ಅದನ್ನು ಇನ್ನೂ ಬಿಚ್ಚಿಯೇ ಇಲ್ಲ ಎಂಬುದು ಹೊಳೆದಿರಲಿಲ್ಲ. ಬಿಚ್ಚಿದಳು. ಬೆನ್ನಿನ ತುಂಬ ಕರಿ ಚುಕ್ಕೆಗಳು, ಬೂಷ್ಟು. ಇಷ್ಟು ವರ್ಷದಲ್ಲಿ ಪರರ ಒಂದು ಕರವಸ್ತ್ರವನ್ನೂ ಅವಳು ಹೀಗೆ ಕೆಡಿಸಿರಲಿಲ್ಲ.

ದೊಡ್ಡ ಪಾತ್ರೆಯಲ್ಲಿ ಬರೀ ನೀರು ಕುದಿಸಿ ಅದರಲ್ಲಿ ಅಂಗಿ ಹಾಕಿದಳು. ಸೋಪು ಹಾಕಿ ತಿಕ್ಕಿದರೆ ಗೆರೆಯ ಬಣ್ಣ ಹೋಗುತ್ತದೆಂಬ ಭಯ. ಬಿಸಿಲಿಗೆ ಹಾಕಿ, ಮತ್ತೆ ಕುದಿಸಿ, ಮತ್ತೆ ಬಿಸಿಲಿಗೆ. ಚುಕ್ಕೆ ಬೂದಿಯ ಬಣ್ಣಕ್ಕೆ ಬಂತು, ಹೋಗಲಿಲ್ಲ. ಅಂಗಿಯ ವಾಸನೆ ಹೋಯಿತು.

ಕೋಣೆಯದು ಹೋಗಲಿಲ್ಲ.

ಆಗ ಅವಳು ತೊಟ್ಟಿಯ ಮುಂದೆ ನೆಲಕ್ಕೆ ಕೂತು, ಮೊದಲ ಬಾರಿಗೆ ಅದನ್ನು ಮೇಲಿನಿಂದಲ್ಲದೆ ಬದಿಯಿಂದ, ತಳಮಟ್ಟದಿಂದ ನೋಡಿದಳು. ಮೇಲೆ ನಸುಗಂದು, ನಡುವೆ ಕಂದು, ಕೆಳಗೆ ಕಪ್ಪು. ಆ ಕಪ್ಪಿನೊಳಗೆ ನೀರು ನಿಂತಿತ್ತು. ಗಾಜಿಗೆ ಬೆರಳೊತ್ತಿದರೆ ಒಳಗೆ ನೀರಿನ ಗೆರೆ ಸಣ್ಣಗೆ ತುಳುಕಿತು.

ಅವಳು ಮೇಜಿನ ಮೇಲಿನ ಬಟ್ಟೆ ಹಾಗೇ ಬಿಟ್ಟು ಮೀನಿನ ಅಂಗಡಿಗೆ ಓಡಿದಳು. ತಿನ್ನುವ ಮೀನಲ್ಲ, ಸಾಕುವ ಮೀನಿನ ಅಂಗಡಿ. ಅಲ್ಲಿನವನು ತಮ್ಮನನ್ನು ಬಲ್ಲವನು. ಅವಳು ಕಂಡದ್ದನ್ನೆಲ್ಲ ಹೇಳಿದಳು.

"ದಿನಾ ಎಷ್ಟು ನೀರು ಹಾಕ್ತಿದ್ರಿ ಅಕ್ಕ?"

"ಹಾಕಿಲ್ಲಪ್ಪ. ಚಿಮುಕಿಸ್ತಿದ್ದೆ ಅಷ್ಟೆ. ಮೇಲೆ ಒಣಗಿದಾಗ."

"ಮೇಲೆ ಒಣಗಿರುತ್ತೆ ಅಕ್ಕ. ಅದು ಹಾಗೇ. ಬೆರಳು ಆಳಕ್ಕೆ ಇಳಿಸಿ ನೋಡಬೇಕಿತ್ತು. ಹಿಡಿ ಕಟ್ಟಿದ್ರೆ ಮರಳು ಉಂಡೆ ನಿಲ್ಲಬೇಕು, ಹಿಂಡಿದ್ರೆ ನೀರು ಬರಬಾರದು."

"ನೀರು ಹಂಚಿಕೊಳ್ಳುತ್ತೆ ಅಂದುಕೊಂಡೆ. ಬಟ್ಟೇಲಿ ಹಂಚಿಕೊಳ್ಳುತ್ತಲ್ಲ."

"ಬಟ್ಟೆಯನ್ನ ನೀವು ಸುತ್ತಿಡ್ತೀರಿ, ಒಂದು ಮಗ್ಗುಲಿಗೆ ಇನ್ನೊಂದು ತಾಗಿರುತ್ತೆ. ಮರಳಲ್ಲಿ ನೀರಿಗೆ ಒಂದೇ ದಾರಿ ಅಕ್ಕ, ಕೆಳಗೆ. ಇಳಿದದ್ದು ಹತ್ತಲ್ಲ. ಕೆಳಗಿರೋನು ಅದರಲ್ಲಿ ಮುಳುಗ್ತಾನೆ."

"ತೋಡಿ ಎತ್ತಿಬಿಡಲಾ?"

"ಪೊರೆ ಬಿಟ್ಟು ಮೆತ್ತಗಿದ್ರೆ ನಿಮ್ಮ ಬೆರಳಿಗೇ ಹೋಗ್ತಾನೆ."

"ಹಾಗಾದ್ರೆ ಬಿಟ್ಟುಬಿಡಲಾ?"

"ಬಿಟ್ರೆ ನೀರಿಗೆ ಹೋಗ್ತಾನೆ." ಅವನು ಅವಳ ಮುಖ ನೋಡಿ ಸ್ಟೂಲು ಎಳೆದು ಕೂರಿಸಿದ. "ಒಂದು ಮಾಡಿ. ಅವನಿರೋ ಮಗ್ಗುಲನ್ನ ಸ್ವಲ್ಪ ಸ್ವಲ್ಪ ಎತ್ತರಿಸಿ. ನೀರು ಎದುರು ಮೂಲೆಗೆ ಸೇರುತ್ತೆ. ಆ ಮೂಲೇಲಿ ಸಣ್ಣ ಬಾವಿ ತೋಡಿ, ನೀರು ತೆಗೀರಿ. ಪೈಪ್ ಹಾಕಿದ್ರೆ ನಾರು ಕಟ್ಟಿಕೊಳ್ಳುತ್ತೆ, ಹತ್ತಿ ಬಟ್ಟೆ ಇಳಿಬಿಟ್ಟು ಹೀರಿಸಿ, ಹಿಂಡಿ. ಆದ್ರೆ ಸೋಪು ಸೋಕಿದ್ದು ಬೇಡ, ಗಂಜಿ ಹಾಕಿದ್ದು ಬೇಡವೇ ಬೇಡ. ಅವಕ್ಕೆ ಅದು ವಿಷ."

ಮನೆಗೆ ಬಂದು ತೊಟ್ಟಿಯ ಎಡಬದಿಯ ಕೆಳಗೆ ತೆಳು ಹಲಗೆಗಳನ್ನು ಒಂದರ ಮೇಲೊಂದು ತೂರಿಸಿದಳು, ಮಲಗಿದ ಮಗುವಿನ ತಲೆದಿಂಬು ಸರಿಸುವಷ್ಟು ಮೆಲ್ಲಗೆ. ಬಲಮೂಲೆಯಲ್ಲಿ ಚಮಚದಿಂದ ಕೈ ಇಳಿಯುವಷ್ಟು ಬಾವಿಯನ್ನು ತಳದವರೆಗೆ ತೋಡಿದಳು. ಕಪ್ಪು ನೀರು ಬಂದು ನಿಂತಿತು. ಈಗ ಬಟ್ಟೆ ಬೇಕು.

ಬಟ್ಟೆಯ ಮಧ್ಯೆಯೇ ಬದುಕಿದವಳು ಆ ಮಧ್ಯಾಹ್ನ ಒಂದು ತುಂಡು ಬಟ್ಟೆಗಾಗಿ ಕೋಣೆಯೆಲ್ಲ ಕಣ್ಣಾಡಿಸಿದಳು. ಬುಟ್ಟಿಗಳಲ್ಲಿದ್ದದ್ದು ಪರರದು. ಮೇಜಿನ ಹಾಸು ವರ್ಷಗಳ ಗಂಜಿ ಕುಡಿದು ಹಲಗೆಯಂತಾಗಿತ್ತು. ಅವಳ ಬಟ್ಟೆಯೆಲ್ಲ ಪಾಲಿಯೆಸ್ಟರ್, ನೀರು ಕಂಡರೆ ಜಾರಿಸಿಬಿಡುವಂಥದ್ದು. ದುಪ್ಪಟಿ, ಟವಲುಗಳನ್ನು ಮೂಗಿಗೆ ಹಿಡಿದರೆ ಸೋಪಿನ ಪುಡಿಯ ಘಾಟು. ಟೈಲರನ ಬಳಿಯ ಹೊಸ ತುಂಡುಗಳಿಗೆ ಗಿರಣಿಯ ಗಂಜಿ. ತೊಳೆದು ತೊಳೆದು ಒಣಗಿಸುವಷ್ಟು ಹೊತ್ತು ಕಾಯಬಹುದೇ? ಕೆಳಗಿರುವವನು ಕಾಯುತ್ತಾನೆಯೇ?

ಹಗ್ಗದ ಮೇಲೆ ನೀಲಿ ಗೆರೆಯ ಅಂಗಿ ಆರಿತ್ತು. ಬರೀ ನೀರಿನಲ್ಲಿ ಕುದ್ದು, ಬಿಸಿಲು ಕುಡಿದು, ಹತ್ತಿಯ ವಾಸನೆಯೊಂದೇ ಉಳಿದಿದ್ದ ಅಂಗಿ.

ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಎರಡೂ ಇಟ್ಟಿರ್ತೀನಿ ಎಂದವಳು ತಾನೇ. ಒಂದನ್ನು ಆಗಲೇ ಬೂಷ್ಟಿಗೆ ಕೊಟ್ಟಾಗಿದೆ. ಚುಕ್ಕೆ ಬಿದ್ದರೂ ಅಂಗಿ ಅಂಗಿಯೇ. ಹುಡುಗಿ ಅದನ್ನು ಎದೆಗೆ ಒತ್ತಿಕೊಂಡಾಳು. ಆದರೆ ಇನ್ನೊಂದು ಉಸಿರಾಡುತ್ತಿದೆ, ಉಸಿರಾಡುತ್ತಿದ್ದರೆ. "ದೇವರೇ, ಒಂದಾದರೂ ಅವಳ ಕೈಗೆ ಕೊಡುವ ಹಾಗೆ ಮಾಡು" ಎಂದು ಬೇಡಿಕೊಂಡಳು. ಕತ್ತರಿ ಮುಟ್ಟಲಿಲ್ಲ. ಕಾಲರನ್ನೂ ತೋಳಿನ ತುದಿಯ ಪಟ್ಟಿಗಳನ್ನೂ ಗುಂಡಿಗಳನ್ನೂ ಹೊಲಿಗೆ ಬಿಚ್ಚಿ ಪಕ್ಕಕ್ಕಿಟ್ಟು, ಬೆನ್ನಿನಿಂದ ಮೊದಲುಮಾಡಿ ಮಿಕ್ಕಿದ್ದನ್ನು ಹಲ್ಲಿನಿಂದ ಕಚ್ಚಿ ಉದ್ದುದ್ದ ಪಟ್ಟಿಗಳಾಗಿ ಸೀಳಿದಳು. ಆ ಪರ್ರೆಂಬ ಸದ್ದಿಗೆ ಮೂಲೆಯ ಬಾಡಿಗೆಯವನು ಶಂಖದೊಳಕ್ಕೆ ಎಳೆದುಕೊಂಡ.

ಪಟ್ಟಿ ಇಳಿಬಿಡುವುದು, ಅದು ನೀರು ಕುಡಿದು ಭಾರವಾಗುವವರೆಗೆ ಕಾಯುವುದು, ಎತ್ತಿ ಬಕೆಟಿಗೆ ಹಿಂಡುವುದು, ಇನ್ನೊಂದು ಇಳಿಬಿಡುವುದು. ಗಿರಾಕಿಗಳು ಬಂದು ಕರೆದರೆ "ಇವತ್ತು ಇಸ್ತ್ರಿ ಇಲ್ಲ" ಎಂದು ಕೂತಲ್ಲಿಂದಲೇ ಕೂಗಿದಳು. ಟೈಲರ್ ಇಣುಕಿ ನೋಡಿ, ಅವಳ ಕೈಯಲ್ಲಿರುವ ಗೆರೆಯ ಬಟ್ಟೆಯ ಗುರುತು ಹಿಡಿದು, ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಂಡು, ಬಕೆಟ್ ಎತ್ತಿಕೊಂಡು ಹೋಗಿ ಚೆಲ್ಲಿ ಬಂದ. ಹೀಗೆ ಕೆಲವು ದಿನ. ಗಾಜಿನ ತಳದ ಕಪ್ಪು ಕರಗಿ ಕಂದಾಯಿತು. ವಾಸನೆ ಇಳಿಯಿತು. ಆಮೇಲೆ ಅವಳು ಮರಳಿಗೆ ಒಂದು ಹನಿಯನ್ನೂ ಚಿಮುಕಿಸಲಿಲ್ಲ. ಅಂಗಡಿಯವನು ಹೇಳಿದಂತೆ ಬಟ್ಟಲುಗಳನ್ನು ತುಂಬಿಟ್ಟು, ಒಂದು ಮೂಲೆಯಲ್ಲಿ ಒದ್ದೆ ಪಾಚಿಯಿಟ್ಟು, ಮುಚ್ಚಳ ಭದ್ರ ಮಾಡಿದಳು. ತೇವ ಗಾಳಿಯಲ್ಲಿರಬೇಕಂತೆ, ನೆಲದಲ್ಲಲ್ಲ. ಈಗ ಅವಳು ಮೀಟರನ್ನೇ ನೋಡುತ್ತಿದ್ದಳು. ಅದು ತಮ್ಮ ಅಂಟಿಸಿದ್ದು. ಮೊದಲ ದಿನದಿಂದಲೂ ಸರಿಯಾಗಿಯೇ ಹೇಳುತ್ತಿತ್ತು.

ರಜಕ್ಕೆ ಕೆಲವೇ ದಿನ ಮೊದಲು ಬಾಡಿಗೆಯವನೂ ಕಾಣದಾದ. ಅವನಿಗೂ ಪೊರೆ ಬಿಡುವ ಕಾಲ ಬಂದಿರಬೇಕು ಎಂದುಕೊಂಡಳು.

ಹುಡುಗಿ ಬರುವ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಕಣ್ಣು ಬಿಟ್ಟರೆ, ಮರದ ತುಂಡಿನ ಪಕ್ಕದಲ್ಲಿ ಮರಳು ಉಬ್ಬಿತ್ತು. ಅವಳು ಉಸಿರು ಹಿಡಿದು ನಿಂತಳು. ಮರಳು ಬಿರಿದು, ಹಾಲುಬಿಳಿಯ ಶಂಖ ಮೇಲೆ ಬಂತು. ತುಟಿಯಲ್ಲಿ ಚೂರು ಹಾರಿದ ಅದೇ ಶಂಖ. ಮೈಗೆಲ್ಲ ಮರಳು ಮೆತ್ತಿಕೊಂಡು ಎರಡು ಹೆಜ್ಜೆ ಸರಿದು, ಸುಸ್ತಾದಂತೆ ನಿಂತಿತು.

ಅವಳು ಓಡಿದಳು. ಬಾಗಿಲಿಗೆ ಬಂದು, "ಬಂದ! ಬಂದ್ನಪ್ಪಾ!" ಎಂದು ಮೇಲಕ್ಕೆ ಕೂಗಿದಳು. ಟೈಲರ್ ಟೇಪು ಕೊರಳಲ್ಲಿ ಹಾಕಿಕೊಂಡೇ ಇಳಿದು ಬಂದ. ಅವಳು ಹುಡುಗಿಗೆ ಫೋನು ಮಾಡಿದಳು. "ಪುಟ್ಟೀ, ಓನರ್ ಬಂದ ಕಣೇ. ನೀನು ಬರ್ತೀಯ ಅಂತ ಇವತ್ತೇ ಬಂದ."

ಆ ಕಡೆಯಿಂದ ಬಸ್ಸಿನ ಸದ್ದಿನ ನಡುವೆ ಹುಡುಗಿ ನಗುವುದು ಕೇಳಿಸಿತು. ಅಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ಅತ್ತೆ ಕೇಳಿದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಹುಡುಗಿ ಬಂದಳು. ಚೀಲ ಬಾಗಿಲಲ್ಲೇ ಬಿಟ್ಟು, ಕೈ ತೊಳೆದು, ಮುಚ್ಚಳ ತೆಗೆದು, ಶಂಖವನ್ನು ಎರಡು ಬೆರಳಲ್ಲಿ ಎತ್ತಿ ಅಂಗೈ ಮೇಲಿಟ್ಟುಕೊಂಡಳು. ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದಳು. ಅಂಗೈ ಬೆಚ್ಚಗಾದ ಮೇಲೆ ಶಂಖದೊಳಗಿನಿಂದ ಮೊದಲು ಕಾಲುಗಳು ಬಂದವು. ಆಮೇಲೆ ಕೊಂಬು. ಕೆಂಚು ಬಣ್ಣದ್ದು. ಆಮೇಲೆ ಮೀಸೆ, ಅದರಲ್ಲೊಂದು ಮೊಂಡು.

ಹುಡುಗಿ ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಅತ್ತೆ," ಎಂದಳು ಕೊನೆಗೆ, "ಇವನು ಬಾಡಿಗೆಯವನು."

"ಅಯ್ಯೋ, ಸರಿಯಾಗಿ ನೋಡೇ. ಶಂಖ ನೋಡು, ತುಟಿ ನೋಡು..."

"ಶಂಖ ಓನರಂದೇ ಅತ್ತೆ."

ಮರದ ತುಂಡು ಸರಿಸಿ ಹುಡುಗಿಯೇ ಬೆರಳಿನಿಂದ ಮೆಲ್ಲಗೆ ಬಿಡಿಸಿದಳು. ರೋಗಿಯ ಗಾಯದ ಪಟ್ಟಿ ಬಿಚ್ಚಲು ಕಲಿಯುತ್ತಿರುವ ಬೆರಳು. ಮೊದಲು ಸಿಕ್ಕಿದ್ದು ಬಾಡಿಗೆಯವನು ಬಿಟ್ಟ ಚಿಕ್ಕ ಶಂಖ. ಅದರ ಕೆಳಗೆ ಓನರನ ಹಳೆಯ ಪೊರೆ, ನೇರಳೆ ಕೊಂಬಿನ ಟೊಳ್ಳು ಚಿಪ್ಪು. ಅದರ ಪಕ್ಕದಲ್ಲಿ ಅವನು, ಶಂಖವಿಲ್ಲದೆ, ಉಸಿರಿಲ್ಲದೆ. ಹೊಸ ಮೈ ಬಂದಿತ್ತು. ನಸುಗೆಂಪಾಗಿ, ತೆಳ್ಳಗೆ, ಮಗುವಿನ ಉಗುರಿನ ಹಾಗೆ. ಗಟ್ಟಿಯಾಗಲು ಅವನಿಗೆ ಇನ್ನೊಂದಿಷ್ಟು ದಿನ ಬೇಕಿತ್ತು, ಅಷ್ಟೆ.

"ನನ್ನ ನೀರು ಪುಟ್ಟಿ" ಎಂದಳು ಅತ್ತೆ. ಬಾವಿ ತೋಡಿದ್ದು, ನೀರು ನಿಂತದ್ದು, ಚಿಮುಕಿಸಿದ್ದು, ಎಲ್ಲ ಹೇಳಿದಳು.

"ಹೇಳೋಕಾಗಲ್ಲ ಅತ್ತೆ. ಪೊರೆ ಬಿಡೋವರೆಗೂ ಬದುಕಿದ್ದ. ಬಾಡಿಗೆಯವನು ಕೆಳಗಿಳಿದು ಕಾಟ ಕೊಟ್ಟಿರಲೂಬಹುದು. ಅವನಿಗೆ ಮೊದಲಿಂದ ಆ ಮನೆ ಮೇಲೇ ಕಣ್ಣು, ಅಪ್ಪ ಹೇಳ್ತಿರಲಿಲ್ವಾ?"

"ನೀರು ನಿಂತಿದ್ದು ಸುಳ್ಳಲ್ವಲ್ಲ."

ಹುಡುಗಿ ಓನರನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಸುಳ್ಳು ಸಮಾಧಾನ ಹೇಳುವವಳಲ್ಲ ಅವಳು. ಅವಳಪ್ಪನೂ ಹಾಗೇ ಇದ್ದ. ಮೆಟ್ಟಿಲ ಪಕ್ಕದ ಹೂಕುಂಡದಲ್ಲಿ ಗುಂಡಿ ಮಾಡಿ ಓನರನನ್ನು ಇಟ್ಟರು. ಹುಡುಗಿ ಮಣ್ಣು ಮುಚ್ಚಿ, ಕೂತೇ ಇದ್ದಳು. ಅವಳ ಬೆನ್ನು ನಡುಗುವುದನ್ನು ನೋಡುತ್ತ ಅತ್ತೆ ಹಿಂದೆ ನಿಂತಿದ್ದಳು. ಅಪ್ಪನ ಸುದ್ದಿ ಕೇಳಿದಾಗ, ಹೊತ್ತೊಯ್ಯುವ ಹಾದಿಯಲ್ಲಿ, ಖಾಲಿ ಕೋಣೆಯಲ್ಲಿ ಬಾರದ ಅಳು ಅದು. ಮುಟ್ಟಿ ನಿಲ್ಲಿಸುವುದು ಬೇಡವೆಂದು ಅವಳಿಗೆ ತೋರಿತು.

ಒಳಗೆ ಬಂದು ಮುಖ ತೊಳೆದುಕೊಂಡ ಮೇಲೆ ಹುಡುಗಿ ಕೇಳಿದಳು, "ಅಪ್ಪನ ಅಂಗಿ ಕೊಡು ಅತ್ತೆ."

ಅತ್ತೆ ಕಪಾಟಿನಿಂದ ಒಂದು ಗಂಟು ತಂದು ಮೇಜಿನ ಮೇಲೆ ಬಿಚ್ಚಿದಳು. ಕಾಲರು. ಎರಡು ತೋಳಿನ ಪಟ್ಟಿ. ಗುಂಡಿಗಳು. ಮಿ‌ಕ್ಕಿದ್ದೆಲ್ಲ ಹಿಂಡಿ ಹಿಂಡಿ ಹಗ್ಗದಂತೆ ಮುರುಟಿದ ಪಟ್ಟಿಗಳು, ಕಪ್ಪು ನೀರಿನ ಕಲೆ ಹೊತ್ತವು. ಅವಳು ಅದಕ್ಕೂ ಕಾರಣ ಹೇಳಲು ಹೊರಟಳು. ಬೇಕಾಗಲಿಲ್ಲ. ಹುಡುಗಿ ಒಂದು ಪಟ್ಟಿಯನ್ನೆತ್ತಿ ಮೂಸಿದಳು. ಮರಳಿನ ವಾಸನೆ.

"ಇದರಲ್ಲೇ ಹೀರಿಸಿದ್ಯಾ?"

"ಬೇರೆ ಬಟ್ಟೆ ಇರಲಿಲ್ಲ ಪುಟ್ಟಿ."

ಹುಡುಗಿ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. ಒಮ್ಮೆ ಹೊರಗೆ ಹೂಕುಂಡದ ಕಡೆ ನೋಡಿದಳು, ಒಮ್ಮೆ ಅತ್ತೆಯ ಜಡ್ಡುಗಟ್ಟಿದ ಕೈಗಳನ್ನು. ಆಮೇಲೆ ಮೇಜಿನ ಬಳಿ, ಚಿಕ್ಕವಳಿದ್ದಾಗ ಕೂರುತ್ತಿದ್ದ ಮಣೆಯ ಮೇಲೆ ಕೂತು, "ಹೀಗೇ ಮುದುರಿರೋದು ಬೇಡ. ಇಸ್ತ್ರಿ ಮಾಡಿ ಕೊಡು. ಹಾಗೇ ಮಡಿಸಿ ಇಟ್ಟುಕೊಳ್ತೀನಿ" ಎಂದಳು.

ಅತ್ತೆ ಪಟ್ಟಿಗಳನ್ನು ಮೇಜಿನ ಮೇಲೆ ಗೆರೆಗೆ ಗೆರೆ ಕೂಡಿಸಿ ಹಾಸಿದಳು. ಅಂಗಿಯ ಬೆನ್ನು ಮತ್ತೆ ಅಗಲವಾಗಿ ಕಂಡಿತು, ನಡುನಡುವೆ ಸಂದು ಬಿಟ್ಟುಕೊಂಡು. ಪೆಟ್ಟಿಗೆ ಕಾಯಲಿಟ್ಟಳು. ಬಲಗೈ ಬಟ್ಟಲಿಗೆ ಇಳಿಯಿತು, ಒದ್ದೆಯಾಯಿತು, ಮೇಲೆದ್ದಿತು, ಗಾಳಿಯಲ್ಲೇ ನಿಂತುಬಿಟ್ಟಿತು. ಬೆರಳ ತುದಿಯಿಂದ ಒಂದು ಹನಿ ನೆಲಕ್ಕೆ ಬಿತ್ತು.

"ಚಿಮುಕಿಸು ಅತ್ತೆ" ಎಂದಳು ಹುಡುಗಿ. "ಇದು ಬಟ್ಟೆ."

ಅವಳು ಚಿಮುಕಿಸಿದಳು. ಕಾಲರನ್ನೂ ಒಳಗಿಟ್ಟು ಸುರುಳಿ ಸುತ್ತಿ ಇಬ್ಬರ ನಡುವೆ ಇಟ್ಟಳು. ನೀರು ಹಂಚಿಕೊಳ್ಳುವವರೆಗೆ ಇಬ್ಬರೂ ಸುಮ್ಮನೆ ಕೂತರು. ಒಳಗೆ ತೊಟ್ಟಿಯಲ್ಲಿ ಬಾಡಿಗೆಯವನು ತನಗೆ ದೊಡ್ಡದಾದ ಮನೆಯನ್ನು ಎಳೆದುಕೊಂಡು ಹೋಗುವ ಸದ್ದು, ಗಾಜಿಗೆ ಟಿಕ್ ಟಿಕ್ ಎಂದು ತಾಗುತ್ತಿತ್ತು.

ಹೊತ್ತಾದ ಮೇಲೆ ಅವಳು ಸುರುಳಿ ಬಿಚ್ಚಿ ಕಾಲರನ್ನು ಕೆನ್ನೆಗೆ ಹಿಡಿದು ನೋಡಿದಳು. ಮತ್ತೆ ನೋಡಿದಳು. ಹುಡುಗಿಯ ಕಡೆಗೆ ಚಾಚಿದಳು.

"ಹದ ಬಂದಿದೆಯಾ ನೋಡು. ನನಗೆ ಗೊತ್ತಾಗ್ತಿಲ್ಲ."

ಹುಡುಗಿ ಅದನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಅವಳ ಕೆನ್ನೆಯೂ ಒದ್ದೆಯಾಗಿತ್ತು.

"ನನಗೂ ಗೊತ್ತಾಗ್ತಿಲ್ಲ ಅತ್ತೆ."

ಅತ್ತೆ ಕಾಲರನ್ನು ಮರಳಿ ಪಡೆದು, ತುದಿ ನಿಮಿರಿಸಿ ಹಾಸಿ, ಬಿಸಿ ಪೆಟ್ಟಿಗೆಯನ್ನು ಅದರ ಮೇಲಿಟ್ಟಳು. ಅಂಗಿಗೆ ಯಾವಾಗಲೂ ಮೊದಲು ಕಾಲರು. ಹಬೆ ಸುಯ್ಯೆಂದು ಎದ್ದಿತು.